ಪೆಣ್ಣಮ್ಮ ಕೂತು ಉಂಡದ್ದು

ಕ್ರಿಸ್ಮಸ್‌ಗೆ ಇನ್ನೂ ಎರಡು ದಿನ ಇರುವಾಗಲೇ ಪೆಣ್ಣಮ್ಮನ ಬೆರಳುಗಳು ಮಡಚಲು ಬಾರದಂತಾಗಿದ್ದವು. ಒಟ್ಟು ನಲವತ್ತು ಬಾತುಕೋಳಿ. ಒಂದೊಂದನ್ನೂ ಬಿಸಿನೀರಿಗೆ ಅದ್ದಿ, ಪುಕ್ಕ ಕಿತ್ತು, ತೆಂಗಿನ ಗರಿಯ ಉರಿಯಲ್ಲಿ ಸೀಯಿಸಿ, ಆಮೇಲೆ ಚರ್ಮದೊಳಗೆ ಉಳಿದ ಮೊಳಕೆ ಪುಕ್ಕಗಳನ್ನು ಉಗುರಿನಿಂದ ಹಿಡಿದು ಎಳೆಯಬೇಕು. ಕೋಳಿಯಾದರೆ ಹತ್ತು ನಿಮಿಷದ ಕೆಲಸ. ಬಾತುಕೋಳಿ ಹಾಗಲ್ಲ, ಜೀವ ಹೋದಮೇಲೂ ಹಟ ಬಿಡದ ಜಾತಿ ಅದು. ಕೇರಳದ ಕಾವಾಲಂ ಸುತ್ತಿನ ಕ್ರೈಸ್ತರ ಮನೆಗಳಲ್ಲಿ ಇಪ್ಪತ್ತೈದು ದಿನ ಮೀನು ಮಾಂಸ ಮುಟ್ಟದೆ ನೋಂಪಿ ಹಿಡಿದಿರುತ್ತಾರೆ. ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ ಬಂದವರಿಗೆ ತಟ್ಟೆಯಲ್ಲಿ ಅಕ್ಕಿಹಿಟ್ಟಿನ ಬಿಳಿ ಅಪ್ಪ, ಅದರ ಪಕ್ಕದಲ್ಲಿ ಮೆಣಸು ಹಾಕಿ ಹುರಿದ ಬಾತುಕೋಳಿ ಇರಲೇಬೇಕು. ಮಸಾಲೆ ಅರೆಯುವ ಅಮ್ಮಂದಿರು ತೀರಿಹೋದ ಮನೆಗಳಿಗೆ, ಸೊಸೆ ಕೆಲಸಕ್ಕೆ ಹೋಗುವ ಮನೆಗಳಿಗೆ, ಅದನ್ನು ಮಾಡಿ ಕೊಡುವವಳು ಪೆಣ್ಣಮ್ಮ.

ಐವತ್ತೇಳು ವರ್ಷದ ವಿಧವೆ. ಮಕ್ಕಳಿಲ್ಲ. ಗಂಡ ಸತ್ತಮೇಲೆ ಕಾಲುವೆಯ ದಡದಲ್ಲಿದ್ದ ತವರುಮನೆಗೆ ಬಂದು, ಅಪ್ಪನ ಜೊತೆ ಇದ್ದುಬಿಟ್ಟಿದ್ದಳು. ಅವಳ ಅಪ್ಪ ಬಾತುಕೋಳಿ ವರ್ಕಿ ಅಂದರೆ ಕುಟ್ಟನಾಡಿನ ನೀರಿನುದ್ದಕ್ಕೂ ಗೊತ್ತು. ಕೊಯ್ಲಾದ ಗದ್ದೆಗಳಲ್ಲಿ ಎರಡು ಸಾವಿರ ಬಾತುಕೋಳಿಗಳನ್ನು ಮೇಯಿಸುತ್ತ ತಿಂಗಳುಗಟ್ಟಲೆ ನಡೆದುಹೋಗುತ್ತಿದ್ದವನು. ರಾತ್ರಿ ಬದುವಿನ ಮೇಲೆ ಕೊಡೆ ಊರಿ ಅದರಡಿ ಮಲಗುತ್ತಿದ್ದ. ನಡೆಯುವ ರೀತಿ ನೋಡಿಯೇ ಯಾವ ಹಕ್ಕಿಗೆ ನಾಳೆ ಜ್ವರ ಬರುತ್ತದೆ ಅಂತ ಹೇಳುತ್ತಿದ್ದ ಮನುಷ್ಯ. ಮೂರು ವರ್ಷದ ಹಿಂದೆ, ದಾಳಿಂಬೆ ಮರದ ಬುಡದಲ್ಲಿ ಹಲ್ಲುಜ್ಜುತ್ತ ನಿಂತವನು ಹಾಗೆಯೇ ಬಲಕ್ಕೆ ವಾಲಿ ಬಿದ್ದ. ಬಲಗೈ ಬಲಗಾಲು ಹೋದವು. ಅವುಗಳ ಜೊತೆ ಮಾತೂ ಹೋಯಿತು.

ಮಾತು ಪೂರ್ತಿ ಹೋಯಿತು ಅನ್ನುವಂತೆಯೂ ಇರಲಿಲ್ಲ. ಹಿಂಡನ್ನು ಒಟ್ಟುಗೂಡಿಸುವಾಗ ಕರೆಯುತ್ತಿದ್ದ "ಥ್ರಾ… ಥ್ರಾ…" ಉಳಿದಿತ್ತು. ಹಿಂಡನ್ನು ಮುಂದಕ್ಕೆ ಅಟ್ಟುವಾಗಿನ "ಹೋಯ್" ಉಳಿದಿತ್ತು. ಮಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಬೇಕು, ಬಾ, ಹೌದು ಅನ್ನುವುದಕ್ಕೆಲ್ಲ ಥ್ರಾ. ಬೇಡ, ಹೋಗು ಅನ್ನುವುದಕ್ಕೆಲ್ಲ ಹೋಯ್. ಹದಿನಾಲ್ಕು ತಿಂಗಳು ಪೆಣ್ಣಮ್ಮ ಈ ಎರಡು ಮಾತಿನಲ್ಲಿಯೇ ಅಪ್ಪನ ಜೊತೆ ಸಂಸಾರ ನಡೆಸಿದಳು. ಎತ್ತಿದಳು, ತೊಳೆದಳು, ಹೊರಳಿಸಿದಳು. ಒಂದು ಮಳೆಗಾಲದ ಬೆಳಿಗ್ಗೆ ಬಚ್ಚಲಿನಲ್ಲಿ ಅವನನ್ನು ಎಬ್ಬಿಸುವಾಗ ಇಬ್ಬರೂ ಬಿದ್ದರು. ಕೆಳಗೆ ಅವಳು, ಮೇಲೆ ಅವನು. ಅಲ್ಲಾಡಲು ಆಗಲಿಲ್ಲ. ಮೂರು ಗಂಟೆ ಹೊತ್ತಾದ ಮೇಲೆ ಮೀನು ಕೊಡಲು ಬಂದ ದೋಣಿಯ ಪಾಪ್ಪಿ ಕೂಗು ಕೇಳಿ ಒಳಗೆ ಬಂದ. ಡಾಕ್ಟರು ಬೆನ್ನುಮೂಳೆಯ ಚಿತ್ರ ನೋಡಿ, ಇನ್ನು ಒಂದು ಕೊಡ ನೀರು ಕೂಡ ಎತ್ತಬಾರದು ಅಂದರು. ತಮ್ಮ ಔಸೇಪ್ ಎರ್ನಾಕುಳಂನಿಂದ ಬಂದು, ಅಕ್ಕನ ತಲೆದೆಸೆಯಲ್ಲಿ ಕೂತು ಬಹಳ ಹೊತ್ತು ಫೋನಿನಲ್ಲಿ ಮಾತಾಡಿ, ಚಂಗನಾಶ್ಶೇರಿಯ ಆಚೆ ಗುಡ್ಡದ ಮೇಲೆ ಕನ್ಯಾಸ್ತ್ರೀಯರು ನಡೆಸುವ ಶಾಂತಿತೀರಂ ಅನ್ನುವ ಆಶ್ರಯಮನೆಯಲ್ಲಿ ಜಾಗ ಗೊತ್ತುಮಾಡಿದ.

ಹೆಣ್ಣುಮಗಳು ಮನೆಯಲ್ಲಿದ್ದೂ ಅಪ್ಪನನ್ನು ಸಿಸ್ಟರ್‌ಗಳ ಬಾಗಿಲಿಗೆ ಹಾಕಿದಳು ಅಂತ ಇಗರ್ಜಿಯ ಮೆಟ್ಟಿಲ ಮೇಲೆ ಮಾತಾದದ್ದು ಪೆಣ್ಣಮ್ಮನ ಕಿವಿಗೂ ಬಿತ್ತು. ಅದಕ್ಕಿಂತ ಅವಳನ್ನು ತಿಂದದ್ದು ಬೇರೆ. ಅವನನ್ನು ಬಿಟ್ಟು ಹೊರಟ ದಿನ ಗೇಟಿನವರೆಗೂ ಹಿಂದಿನಿಂದ ಥ್ರಾ, ಥ್ರಾ ಅನ್ನುವ ಕೂಗು ಕೇಳುತ್ತಲೇ ಇತ್ತು. ಹಿಂಡಿನಲ್ಲಿ ಒಂದು ಹಕ್ಕಿ ಕಡಿಮೆಯಾದರೆ ಅವನು ಕರೆಯುತ್ತಿದ್ದದ್ದು ಹಾಗೆ.

ಅಂದಿನಿಂದ ವಾರಕ್ಕೆ ಮೂರು ಸಲ, ಮಂಗಳವಾರ, ಶುಕ್ರವಾರ, ಭಾನುವಾರ, ಅವಳು ಹೋಗುತ್ತಿದ್ದಳು. ಒಂದು ಗಂಟೆ ಸರ್ಕಾರಿ ಬೋಟು, ಇಪ್ಪತ್ತು ನಿಮಿಷ ಬಸ್ಸು, ಆಮೇಲೆ ಏರು ದಾರಿ. ಹೋಗಿ ಗಡ್ಡ ಕೆರೆದು, ಉಗುರು ತೆಗೆದು, ಮೆತ್ತಗಿನ ಗಂಜಿ ಕುಡಿಸಿ, ಅಷ್ಟೇ ದಾರಿಯಲ್ಲಿ ಹಿಂದೆ ಬರಬೇಕು. ಬರುವಾಗ ಬೋಟಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಇಳಿಯುವ ಜಾಗ ಬಂದಾಗ ಕಂಡಕ್ಟರೇ ಹೆಗಲು ತಟ್ಟಿ ಎಬ್ಬಿಸುತ್ತಿದ್ದ.

ಈ ಸಲದ ಕ್ರಿಸ್ಮಸ್‌ಗೆ ತಂಗಿ ಸೆಲಿನ್ ಬಂದಿದ್ದಳು. ಸೆಲಿನ್ ಕನ್ಯಾಸ್ತ್ರೀ. ಛತ್ತೀಸ್‌ಗಢದ ಯಾವುದೋ ಊರಿನಲ್ಲಿ ದಿಕ್ಕಿಲ್ಲದ ಮುದುಕರ ಆಶ್ರಯಮನೆಯೊಂದನ್ನು ನೋಡಿಕೊಳ್ಳುತ್ತಿದ್ದವಳು. ಮಠದಿಂದ ರಜೆ ಸಿಕ್ಕಿ ಊರಿಗೆ ಬಂದದ್ದು ನಾಲ್ಕು ವರ್ಷಕ್ಕೆ. ಹಿಂದಿನ ಭಾನುವಾರ ಪಾದ್ರಿಗಳು ಪ್ರಸಂಗದ ನಡುವೆ ಅವಳ ಹೆಸರು ಹೇಳಿ, ಯಾರದೋ ಅಪ್ಪಂದಿರನ್ನು ತನ್ನ ಅಪ್ಪಂದಿರಂತೆ ಸಲಹುವ ಈ ಊರಿನ ಮಗಳು ಅಂತ ಹೊಗಳಿದರು. ಪೆಣ್ಣಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ ಕಂಬಕ್ಕೆ ಒರಗಿ ನಿಂತು ಕೇಳಿದಳು. ಅವಳಿಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ. ಬೆನ್ನು ನೋಯುತ್ತಿತ್ತು, ಪ್ರಸಂಗ ಬೇಗ ಮುಗಿದರೆ ಸಾಕಾಗಿತ್ತು.

ಸೆಲಿನ್ ಊರಿಗೆ ಬಂದಮೇಲೆ ಅಪ್ಪನನ್ನು ನೋಡಲು ಒಮ್ಮೆ ಹೋಗಿದ್ದಳು. ಮಂಚದ ಪಕ್ಕ ಮೊಣಕಾಲೂರಿ ಒಂದು ಜಪಸರ ಪೂರ್ತಿ ಪ್ರಾರ್ಥನೆ ಮಾಡಿ, ಅವನ ಹಣೆಯ ಮೇಲೆ ಶಿಲುಬೆ ಬರೆದು ಬಂದಳಂತೆ. ಉಳಿದ ದಿನಗಳು ಬಂಧುಗಳ ಮನೆಗಳಲ್ಲಿ ಕಳೆದವು. ಸಿಸ್ಟರ್ ಬಂದಿದ್ದಾರೆ ಅಂದರೆ ಒಂದೊಂದು ಮನೆಯವರೂ ಕರೆಯುವವರೇ.

ಎಲ್ಲರೂ ಸೇರಿರುವ ಈ ವರ್ಷ ಅಪ್ಪನನ್ನು, ಮಕ್ಕಳ ಬಾಯಲ್ಲಿ ಅಪ್ಪಚ್ಚನನ್ನು, ಹಬ್ಬದ ಊಟಕ್ಕೆ ಮನೆಗೆ ಕರೆತರಬೇಕು ಅನ್ನುವ ಯೋಚನೆ ಔಸೇಪನದು. ಇಪ್ಪತ್ತಮೂರರ ಸಂಜೆ ಹೆಂಡತಿ ಜಾನ್ಸಿ ಮತ್ತು ಇಬ್ಬರು ಮಕ್ಕಳ ಜೊತೆ ದೋಣಿ ಇಳಿದವನು, ಕಾಲು ತೊಳೆಯುವ ಮೊದಲೇ ಆ ಮಾತೆತ್ತಿದ. ಬೆಳಿಗ್ಗೆ ಪೂಜೆ ಆದಮೇಲೆ ಕಾರಿನಲ್ಲಿ ಹೋಗಿ ಕರೆದುಕೊಂಡು ಬರೋದು, ರಸ್ತೆ ಮುಗಿಯುವ, ದೋಣಿ ನಿಲ್ಲುವ ಕಡವಿನಿಂದ ಪಾಪ್ಪಿಯ ದೋಣಿ, ಸಂಜೆ ಹಾಗೆಯೇ ಹಿಂದೆ ಬಿಟ್ಟು ಬರೋದು. ಪೆಣ್ಣಮ್ಮ ಬಾಣಲೆಯ ಮುಂದೆ ನಿಂತಿದ್ದಳು. ಅವಳು ಎತ್ತುವವರು ಯಾರು ಅಂತ ಮಾತ್ರ ಕೇಳಿದಳು.

"ನಾವೆಲ್ಲ ಇದೀವಲ್ಲ ಚೇಚಿ," ಅಂದ ಔಸೇಪ್.

ಅಕ್ಕನನ್ನು ಚೇಚಿ ಅನ್ನುವಾಗ ಅವನ ದನಿಯಲ್ಲಿ ಈಗಲೂ ಚಿಕ್ಕಂದಿನ ಮುದ್ದು ಬರುತ್ತಿತ್ತು. ಟೈಲ್ಸ್ ಅಂಗಡಿಯ ಯಜಮಾನ, ಐವತ್ತು ದಾಟಿದವನು, ಆದರೂ ಆ ದನಿಗೆ ಅವಳು ಇಲ್ಲ ಅನ್ನುವುದನ್ನು ಕಲಿತಿರಲಿಲ್ಲ.

ಇಪ್ಪತ್ತನಾಲ್ಕರ ಬೆಳಿಗ್ಗೆ, ಮಾಡಿ ಕೊಡಬೇಕಾದ್ದನ್ನೆಲ್ಲ ಕೊಟ್ಟು ಮುಗಿಸಿ, ಅವಳು ಶಾಂತಿತೀರಂಗೆ ಹೋದಳು. ಅಲ್ಲಿ ಜಗಲಿಗೆ ನಕ್ಷತ್ರದ ಗೂಡುದೀಪ ಕಟ್ಟುತ್ತಿದ್ದರು. ಒಣಹುಲ್ಲಿನ ಗೋದಲಿಯ ಮುಂದೆ ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಮುದುಕ ಮಣ್ಣಿನ ಕುರಿಗಳನ್ನು ಎತ್ತಿ ಎತ್ತಿ ಬೇರೆ ಕಡೆ ಇಡುತ್ತಿದ್ದ. ವರ್ಕಿಗೆ ಆಗಷ್ಟೇ ತಲೆಗೂದಲು ಕತ್ತರಿಸಿದ್ದರು. ಎಂಬತ್ತೆರಡರ ತಲೆ, ನುಣ್ಣಗೆ, ಮಗುವಿನ ತಲೆಯ ಹಾಗೆ. ಮಗಳನ್ನು ಕಂಡು ಮೆಲ್ಲಗೆ ಥ್ರಾ ಅಂದ.

ನಾಳೆ ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದಾಗ, ವಾರ್ಡು ನೋಡಿಕೊಳ್ಳುವ ಸಿಸ್ಟರ್ ಫಿದೇಲಿಸ್ ಕನ್ನಡಕ ತೆಗೆದು ಒರೆಸಿಕೊಂಡರು. ಗಂಟಲು ಸರಿಯಾಗಿ ಕೆಲಸ ಮಾಡುವುದಿಲ್ಲ, ಏನೇ ಕೊಟ್ಟರೂ ಗಂಜಿಯ ಹದಕ್ಕೆ ಕಿವುಚಿ ಕೊಡಬೇಕು, ತುಂಡು ಕೊಡಲೇಬಾರದು, ತಿಂದಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಿಸಬೇಕು, ಮೂರು ಗಂಟೆಗೊಮ್ಮೆ ಡಯಾಪರ್ ಬದಲಿಸಬೇಕು ಅಂತ ಒಂದೊಂದಾಗಿ ತಿಳಿಸಿ, ಚೀಲ ತುಂಬಿಕೊಟ್ಟರು. ಪೆಣ್ಣಮ್ಮ ಹೊರಟಾಗ ಬಾಗಿಲವರೆಗೂ ಬಂದರು.

"ಕರ್ಕೊಂಡು ಹೋಗೋದು ನಿಮ್ಮಿಷ್ಟ," ಅಂದರು. "ಆದ್ರೆ ಯಾರಿಗೋಸ್ಕರ ಅಂತ ಒಂದ್ಸಲ ಕೇಳ್ಕೊಳ್ಳಿ. ಅವ್ರು ಇಲ್ಲಿ ಈಗ ಒಗ್ಗಿಕೊಂಡಿದಾರೆ."

ಪೆಣ್ಣಮ್ಮ ತಲೆಯಾಡಿಸಿದಳು. ಒಗ್ಗಿಕೊಂಡಿದ್ದಾರೆ ಅನ್ನುವ ಮಾತು ಅವಳನ್ನು ಬೋಟಿನಲ್ಲಿ ನಿದ್ದೆ ಹೋಗಲು ಬಿಡಲಿಲ್ಲ. ಅವನು ಒಗ್ಗಿಕೊಂಡದ್ದು ಸಂತೋಷವೋ ಸಂಕಟವೋ ಅವಳಿಗೆ ತಿಳಿಯಲಿಲ್ಲ.

ಹಬ್ಬದ ದಿನ ಅವಳು ನಾಲ್ಕಕ್ಕೆ ಎದ್ದಳು. ಉಬ್ಬಿದ ಅಪ್ಪದ ಹಿಟ್ಟನ್ನು ಕದಡಿಟ್ಟು, ಮನೆಯವರಿಗಾಗಿ ಉಳಿಸಿದ ಮೂರು ಬಾತುಕೋಳಿಗಳನ್ನು ಒಲೆಗೇರಿಸಿ, ಮುಂಜಾನೆಯ ಪೂಜೆಗೆ ಹೋಗಿಬಂದಳು. ಒಂದು ಲೋಟ ಹಾಲಿಲ್ಲದ ಕಾಫಿ ಕುಡಿದಳು. ಎತ್ತಲು ಪಾಪ್ಪಿಯನ್ನೂ ಕರೆದುಕೊಂಡು ಔಸೇಪ್, ಸೆಲಿನ್, ಪೆಣ್ಣಮ್ಮ, ಮೂವರೂ ಹೋದರು. ಅಪ್ಪನಿಗೆ ಹೊಸ ಪಂಚೆ ಉಡಿಸುವುದು, ಕಾರಿಗೆ ಹತ್ತಿಸುವುದು, ಇಳಿಸುವುದು, ಗಾಲಿಕುರ್ಚಿಯ ಸಮೇತ ದೋಣಿಯಲ್ಲಿ ಕೂರಿಸುವುದು, ಎಲ್ಲ ಹೊತ್ತಿನಲ್ಲೂ ಔಸೇಪ್ ಮತ್ತು ಪಾಪ್ಪಿ ಎತ್ತಿದರು. ಆದರೆ ಹಿಡಿಯುವುದು ಎಲ್ಲಿ, ತಲೆಗೆ ಆಸರೆ ಯಾವ ಕಡೆ, ಸೋತ ಕೈ ಸಿಕ್ಕಿಬೀಳದಂತೆ ಎತ್ತ ಮಡಚಬೇಕು ಅಂತ ಹೇಳಿ ಹೇಳಿ ಪೆಣ್ಣಮ್ಮನ ಗಂಟಲು ಒಣಗಿತು.

ಪಾಪ್ಪಿ ಎಪ್ಪತ್ತರ ಹತ್ತಿರದವನು. ಹರೆಯದಲ್ಲಿ ವರ್ಕಿಯ ಹಿಂಡಿನ ಹಿಂದೆ ನಡೆದವನು. ಕೋಲು ಹಾಕುತ್ತ, ಮುದುಕನ ಮುಖ ನೋಡದೆ, "ಮೊದ್ಲು ನೀವು ಬೈತಿದ್ರಿ, ನಾನು ನಡೀತಿದ್ದೆ. ಈಗ ನೋಡಿ, ಸಾಹೇಬ್ರ ಹಾಗೆ ಕುರ್ಚಿ ಮೇಲೆ ಕೂತ್ಕೊಂಡು ದೋಣಿ ಸವಾರಿ," ಅಂದ. ವರ್ಕಿಯ ಬಾಯಿಯ ಎಡಗಡೆ ಸ್ವಲ್ಪ ಮೇಲಕ್ಕೆ ಹೋಯಿತು. ನಕ್ಕ ಅಂತಲೇ ಎಲ್ಲರೂ ತಿಳಿದರು. ಔಸೇಪನಿಗೆ ಉತ್ಸಾಹ ಬಂತು. ನೋಡಿದ್ಯಾ, ಗಾಳಿ ಬಿದ್ದ ಕೂಡಲೇ ಮುಖದಲ್ಲಿ ಕಳೆ ಬಂತು ಅಂತ ಸೆಲಿನ್‌ಗೆ ಹೇಳಿದ.

ತಿರುವು ದಾಟಿದಾಗ ಕಾಲುವೆಯ ತುಂಬ ಬಾತುಕೋಳಿಗಳು ಎದುರಾದವು. ಯಾರದೋ ಹಿಂಡು, ಐನೂರು ಆರುನೂರು ಇರಬಹುದು. ಹಬ್ಬಕ್ಕೆ ಮಾರಿ ಉಳಿದವು. ಚಿಕ್ಕ ದೋಣಿಯಲ್ಲಿ ನಿಂತು ಒಬ್ಬ ಅಪರಿಚಿತ ಅವನ್ನು ಅಟ್ಟಿಕೊಂಡು ಬರುತ್ತಿದ್ದ. ವರ್ಕಿ ಕುರ್ಚಿಯಲ್ಲಿ ನೆಟ್ಟಗಾದ. ಎಡಗೈಯಿಂದ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು, ಗಂಟಲಿನ ಆಳದಿಂದ ಕರೆದ. ಥ್ರಾ… ಥ್ರಾ… ಥ್ರಾ. ಹಳೆಯ ದನಿಯೇ. ಪಾಪ್ಪಿ ಕೋಲು ನಿಲ್ಲಿಸಿದ.

ಹಿಂಡಿನ ಒಂದು ಹಕ್ಕಿಯೂ ಇತ್ತ ತಿರುಗಲಿಲ್ಲ. ಅವುಗಳ ಯಜಮಾನನ ಕರೆ ಬೇರೆ, ಅವು ಕೇಳಿ ಬೆಳೆದ ದನಿ ಬೇರೆ. ದೋಣಿಯ ಎರಡೂ ಬದಿಗೆ ಸೀಳಿ, ಕಲಕಲ ಅನ್ನುತ್ತ ದಾಟಿಹೋದವು. ಅವು ತಿರುವಿನಲ್ಲಿ ಕಣ್ಮರೆಯಾದ ಮೇಲೂ ವರ್ಕಿ ಕರೆಯುತ್ತಲೇ ಇದ್ದ. ಆಮೇಲೆ ಅವನು ತಾನಾಗಿಯೇ ಸುಮ್ಮನಾದ. ಮನೆಯ ಕಟ್ಟೆಗೆ ದೋಣಿ ಮುಟ್ಟುವವರೆಗೂ ನೀರಿನ ಕಡೆಗೆ ನೋಡಲಿಲ್ಲ.

ಮನೆಯಲ್ಲಿ ನೆರೆಯವರು ಕಾದಿದ್ದರು. ವರ್ಕಿಚ್ಚ ಬಂದ್ರು ಅಂತ ಒಬ್ಬೊಬ್ಬರಾಗಿ ಬಂದು ಕೈ ಹಿಡಿದು, ಗೊತ್ತಾಯ್ತಾ, ನಾನು ಯಾರು ಹೇಳಿ ನೋಡೋಣ ಅಂತ ಕೇಳಿದರು. ಅವನು ಎಲ್ಲರಿಗೂ ಹೋಯ್ ಅಂದ. ಕೆಲವರು ನಕ್ಕರು. ಹೋಗು ಅಂತ ಹೇಳುತ್ತಿದ್ದಾನೆ ಅಂತ ಪೆಣ್ಣಮ್ಮ ಯಾರಿಗೂ ಬಿಡಿಸಿ ಹೇಳಲಿಲ್ಲ. ಎಲ್ಲರ ಜೊತೆ ಕೂರಿಸಿ ಔಸೇಪನ ಮಕ್ಕಳು ಫೋಟೋ ತೆಗೆದರು. ಸೆಲಿನ್ ಪ್ರಾರ್ಥನೆ ಹೇಳಿದಳು. ಜಾನ್ಸಿ ಕೇಕು ಕತ್ತರಿಸಿದಳು. ಊಟದ ಮೇಜಿನ ತಲೆಯಲ್ಲಿ, ಅವನ ಹಳೆಯ ಜಾಗದಲ್ಲಿ, ಗಾಲಿಕುರ್ಚಿ ತಂದು ನಿಲ್ಲಿಸಿದರು.

ಎಲ್ಲರೂ ಕೂತರು. ಪೆಣ್ಣಮ್ಮ ಒಲೆಯ ಮೇಲಿಂದ ಬಿಸಿಬಿಸಿ ಅಪ್ಪ ತಂದು ಹಾಕಿದಳು, ಬಾತುಕೋಳಿಯ ಬಾಣಲೆ ತಂದು ನಡುವೆ ಇಟ್ಟಳು, ನೀರು ಇಟ್ಟಳು, ಉಪ್ಪು ಕೇಳಿದವರಿಗೆ ಉಪ್ಪು ಕೊಟ್ಟಳು. ಆಮೇಲೆ ಎರಡು ಅಪ್ಪವನ್ನು ತೆಂಗಿನಹಾಲಿನಲ್ಲಿ ಕಿವುಚಿ, ಬಾಣಲೆಯ ಸಾರಿನ ಎರಡು ಚಮಚ ಬೆರೆಸಿ, ಬಟ್ಟಲು ಹಿಡಿದು ಅಪ್ಪನ ಪಕ್ಕದಲ್ಲಿ ನಿಂತಳು. ಕೂರಲು ಕುರ್ಚಿ ಇರಲಿಲ್ಲ ಅಂತಲ್ಲ. ಗೋಡೆಗೆ ಒಂದು ಖಾಲಿ ಕುರ್ಚಿ ಇತ್ತು. ಆದರೆ ಅದನ್ನು ಎಳೆದುಕೊಳ್ಳುವಷ್ಟರಲ್ಲಿ ಯಾರಾದರೂ ಏನಾದರೂ ಕೇಳುತ್ತಿದ್ದರು. ನಿಂತೇ ಉಣಿಸಿದಳು. ಅವನು ನಿಧಾನವಾಗಿ ನುಂಗಿದ. ಒಂದು ಚಮಚ, ಕಾಯುವುದು, ಇನ್ನೊಂದು ಚಮಚ. ಔಸೇಪ್ ಮೂಳೆ ಚೀಪುತ್ತ, ಈ ರುಚಿ ಎರ್ನಾಕುಳಂನಲ್ಲಿ ಕಾಸು ಸುರಿದ್ರೂ ಸಿಗಲ್ಲ ಅಂದ. ಸೆಲಿನ್ ತನ್ನ ಆಶ್ರಯಮನೆಯಲ್ಲಿ ಹಬ್ಬಕ್ಕೆ ಪೂರಿ ಮಾಡುವ ವಿಷಯ ಹೇಳಿದಳು.

ಬಟ್ಟಲು ಅರ್ಧವಾಗಿತ್ತು. ವಾಸನೆ ಮೊದಲು ಬಂದದ್ದು ಪೆಣ್ಣಮ್ಮನಿಗೆ. ದೋಣಿಯ ಕುಲುಕಾಟಕ್ಕೋ, ಜನರ ಗದ್ದಲಕ್ಕೋ, ವರ್ಕಿಗೆ ಹೊಟ್ಟೆ ಸಡಿಲವಾಗಿತ್ತು. ಡಯಾಪರ್ ತಡೆಯಲಿಲ್ಲ. ಹೊಸ ಪಂಚೆಯ ಮೇಲೆ ಕಂದು ಬಣ್ಣ ಹರಡಿತು. ಜಾನ್ಸಿ ಸೆರಗು ಮೂಗಿಗೆ ಒತ್ತಿಕೊಂಡಳು. ಮಕ್ಕಳು ತಟ್ಟೆ ಹಿಡಿದು ಜಗಲಿಗೆ ಎದ್ದುಹೋದರು. ವರ್ಕಿ ಕಣ್ಣು ಮುಚ್ಚಿಕೊಂಡ.

ಮೇಜಿನ ಸುತ್ತ ಉಳಿದವರೆಲ್ಲ ಪೆಣ್ಣಮ್ಮನ ಕಡೆ ನೋಡಿದರು.

ಔಸೇಪ್ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, ಅವಳು ಗಾಲಿಕುರ್ಚಿ ತಿರುಗಿಸಲು ದಾರಿ ಬಿಟ್ಟ. ಸೆಲಿನ್ ಶಿಲುಬೆಯ ಗುರುತು ಮಾಡಿಕೊಂಡಳು. ಪೆಣ್ಣಮ್ಮನ ಕೈ ತಾನಾಗಿಯೇ ಕುರ್ಚಿಯ ಹಿಡಿಯ ಕಡೆಗೆ ಹೋಯಿತು. ಅಲ್ಲಿಯೇ ನಿಂತಿತು. ಅವಳಿಗೆ ಕೋಪ ಬಂದಿತ್ತು ಅಂತ ಹೇಳುವಂತಿಲ್ಲ. ಕೋಪಕ್ಕೂ ಮೈಯಲ್ಲಿ ಒಂದಷ್ಟು ಶಕ್ತಿ ಬೇಕು. ಬೆಳಿಗ್ಗೆ ನಾಲ್ಕರಿಂದ ಒಂದು ಲೋಟ ಕಾಫಿಯ ಮೇಲಿದ್ದೇನೆ ಅನ್ನುವುದು ಮಾತ್ರ ಆಗ ಅವಳ ನೆನಪಿಗೆ ಬಂತು. ಇಪ್ಪತ್ತೈದು ದಿನದ ನೋಂಪಿ ಈ ಮನೆಯಲ್ಲಿ ತಾನೊಬ್ಬಳೇ ಇನ್ನೂ ಬಿಟ್ಟಿಲ್ಲ ಅನ್ನುವುದೂ.

ಬಟ್ಟಲನ್ನು ಮೇಜಿನ ಮೇಲಿಟ್ಟಳು. ಬಾಗಿಲ ಬಳಿ ಹೋಗಿ ಕೈ ತೊಳೆದು ಬಂದಳು. ಗೋಡೆಯ ಬಳಿಯ ಕುರ್ಚಿಯನ್ನು ಎಳೆದು ತಂದು ಕೂತು, ಒಂದು ತಟ್ಟೆ ತನ್ನ ಮುಂದೆ ಇಟ್ಟುಕೊಂಡಳು.

"ನೀವಿಬ್ರೂ ಮಾಡಿ," ಅಂದಳು. "ನಾನು ಊಟ ಮಾಡ್ತೀನಿ."

ಔಸೇಪ್ ಅರ್ಥವಾಗದವನಂತೆ ನೋಡಿದ. "ನಂಗೆ ಅದೆಲ್ಲ ಬರಲ್ಲ ಚೇಚಿ."

"ನಂಗೂ ಬರ್ತಿರ್ಲಿಲ್ಲ."

"ಅಲ್ಲ ಚೇಚಿ, ಹಬ್ಬದ ದಿನ…"

"ಒಲೆ ಮೇಲೆ ಬಿಸಿನೀರಿದೆ. ಚೀಲದಲ್ಲಿ ಬಟ್ಟೆ, ಪೌಡರು ಎಲ್ಲ ಇದೆ. ಬಲಗೈ ಜಾಸ್ತಿ ಎಳೀಬೇಡ, ನೋವಾಗತ್ತೆ."

ಅಷ್ಟು ಹೇಳಿ ಒಂದು ಅಪ್ಪ ಹಾಕಿಕೊಂಡಳು. ಸೆಲಿನ್ ಎದ್ದು ನಿಂತಿದ್ದಳು. ದಿನಕ್ಕೆ ಮೂವತ್ತು ಮುದುಕರ ಮೈ ತೊಳೆಸುವವಳ ಮುಖ ಬಿಳಿಚಿತ್ತು. ತಗ್ಗಿದ ದನಿಯಲ್ಲಿ ಅಂದಳು: "ಚೇಚಿ, ಅಲ್ಲಿ ಅವ್ರು ಯಾರೋ. ಇವ್ರು ಅಪ್ಪಚ್ಚ. ನಾನು… ಅವತ್ತು ಅಲ್ಲಿಗೆ ಹೋದಾಗ್ಲೂ ಮೈ ಮುಟ್ಟೋಕಾಗ್ಲಿಲ್ಲ ನಂಗೆ. ಅದಕ್ಕೇ ಜಪ ಮಾಡ್ತಾ ಕೂತೆ."

ಪೆಣ್ಣಮ್ಮ ತಲೆಯೆತ್ತಿ ತಂಗಿಯನ್ನು ನೋಡಿದಳು. ಇವಳಿಗೂ ಐವತ್ತು ವರ್ಷವಾಯಿತಲ್ಲ ಅನ್ನಿಸಿತು. "ಗೊತ್ತು ಕಣೇ," ಅಂದಳು. "ಹೋಗು. ನೀರು ಆರತ್ತೆ."

ಸೆಲಿನ್ ಉಡುಪಿನ ತೋಳು ಮಡಚಿದಳು. ಔಸೇಪ್ ಗಾಲಿಕುರ್ಚಿಯನ್ನು ತಿರುಗಿಸಿ, ಬಾಗಿಲಿಗೆ ಎರಡು ಸಲ ತಾಗಿಸಿ, ಒಳಕೋಣೆಗೆ ನೂಕಿಕೊಂಡು ಹೋದ.

ಆ ಕೋಣೆಗೂ ಊಟದ ಮೇಜಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಎಲ್ಲವೂ ಕೇಳುತ್ತಿತ್ತು. ಎತ್ತು, ಹಿಡಿ, ಆ ಕಡೆ ಅಲ್ಲ, ನೀರು ಸುಡ್ತಿದೆಯಾ ನೋಡು. ಬಕೆಟ್ಟು ಉರುಳಿತು. ವರ್ಕಿಯ ಹೋಯ್ ಹೋಯ್ ಶುರುವಾಯಿತು. ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಹೊಲಕ್ಕೆ ನುಗ್ಗಿದ ಹಿಂಡನ್ನು ಹೊರಗಟ್ಟುವ ಹಾಗೆ. ಅಪ್ಪಚ್ಚ, ನಾನು ಸೆಲಿನ್, ಅಂತ ಸೆಲಿನ್ ಅಳುತ್ತ ಹೇಳುತ್ತಿದ್ದಳು. ಅವನು ಎಡಗೈಯಿಂದ ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡು ಬಿಡುತ್ತಿಲ್ಲ ಅಂತ ಅವರ ಮಾತಿನಿಂದ ತಿಳಿಯಿತು. ಆಮೇಲೆ ಬಂತು, ಥ್ರಾ… ಥ್ರಾ.

ಅವನು ಕರೆಯುತ್ತಿದ್ದದ್ದು ತನ್ನನ್ನೇ. ಪೆಣ್ಣಮ್ಮನ ಕಾಲುಗಳು ಮೇಜಿನಡಿಯಲ್ಲಿ ಅಲುಗಿದವು. ಏಳಲಿಲ್ಲ. ಅಪ್ಪದ ಅಂಚನ್ನು ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟಳು. ಬಾತುಕೋಳಿಯ ತೊಡೆಯ ತುಂಡನ್ನು ಆರಿಸಿ ಹಾಕಿಕೊಂಡಳು. ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂತು. ಎಡಗೈಯ ಹಿಂಬದಿಯಿಂದ ಒರೆಸಿಕೊಂಡು ಮತ್ತೆ ಅಗಿದಳು. ಅಪ್ಪನನ್ನು ಅತ್ತ ಬಿಟ್ಟು ಹೀಗೆ ರುಚಿ ಹತ್ತುತ್ತದಲ್ಲ ಅಂತ ನಾಚಿಕೆಯಾಯಿತು. ನಾಚಿಕೆಯಾದರೂ ರುಚಿ ಕಡಿಮೆಯಾಗಲಿಲ್ಲ. ಮೆಣಸು ಸರಿಯಾಗಿ ಹಿಡಿದಿತ್ತು. ಉಪ್ಪು ಒಂದು ಹರಳು ಜಾಸ್ತಿ.

ಎದುರಿಗೆ ಕೂತಿದ್ದ ಜಾನ್ಸಿ ಬಹಳ ಹೊತ್ತು ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಒಳಗೆ ಹೋದಳು. ಒಲೆಯ ಮುಂದೆ ನಿಂತು, ಗೊತ್ತಿದ್ದಷ್ಟು ಮಟ್ಟಿಗೆ ಒಂದು ಅಪ್ಪ ಹುಯ್ದು ತಂದಳು. ಒಂದು ಬದಿ ಕರಕಾಗಿತ್ತು.

"ಹಾಕ್ಲಾ ಚೇಚಿ?"

"ಹಾಕು," ಅಂದಳು ಪೆಣ್ಣಮ್ಮ.

ಅವಳ ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳ ತಟ್ಟೆಗೆ ಇನ್ನೊಬ್ಬರು ಬಡಿಸಿದ್ದು ಅದೇ ಮೊದಲು. ಕರಕಾದ ಬದಿಯನ್ನೂ ಬಿಡದೆ ತಿಂದಳು. ಇನ್ನೊಂದು ತುಂಡು ಹಾಕಿಸಿಕೊಂಡಳು.

ಒಳಗಿನ ಕೆಲಸ ಮುಗಿಯಲು ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯಿತು. ಪೆಣ್ಣಮ್ಮ ಒಬ್ಬಳೇ ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತಿದ್ದ ಕೆಲಸ. ವರ್ಕಿ ಹಳೆಯ ಲುಂಗಿಯಲ್ಲಿ, ತಲೆ ಒದ್ದೆಯಾಗಿ, ದಣಿದು ಮಲಗಿದ್ದ. ಕೂಗು ನಿಂತಿತ್ತು. ಸೆಲಿನ್ ಮಂಚದ ಪಕ್ಕ ಕೂತು ಅವನ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ತಲೆಯ ಮೇಲಿನ ವಸ್ತ್ರ ಕುತ್ತಿಗೆಗೆ ಜಾರಿ, ನರೆತ ಕೂದಲು ಕಾಣುತ್ತಿತ್ತು. ಔಸೇಪ್ ಹೊರಗೆ ಕಟ್ಟೆಯ ಮೆಟ್ಟಿಲ ಮೇಲೆ ಕಾಲುವೆಗೆ ಮುಖಮಾಡಿ ಕೂತಿದ್ದ. ಪೆಣ್ಣಮ್ಮ ಕೈ ತೊಳೆಯಲು ಹೋದಾಗ ತಿರುಗಿ ನೋಡದೆ ಮಾತಾಡಿದ.

"ಎಷ್ಟು ಹಗುರ ಆಗ್ಬಿಟ್ಟಿದಾರೆ ಚೇಚಿ. ಕಾರಿಂದ ಎತ್ತುವಾಗ ಪಾಪ್ಪಿ ಇದ್ದ, ಗೊತ್ತಾಗ್ಲಿಲ್ಲ. ಈಗ ಒಬ್ಬನೇ ಎತ್ತಿದೆ. ಏನೂ ಇಲ್ಲ." ಆಮೇಲೆ, "ಬೆನ್ನ ಮೇಲೆ ಒಂದು ಗಾಯ ಇತ್ತಂತೆ, ವಾಸಿಯಾಗಿರೋ ಗುರುತು ಇದೆ. ನೀನು ಯಾವತ್ತೂ ಹೇಳ್ಲಿಲ್ಲ," ಅಂದ.

"ಹೇಳಿದ್ದೆ."

ಅವನು ಯೋಚಿಸಿದ. ನೆನಪಾಯಿತೋ ಇಲ್ಲವೋ, ಎದ್ದು ಒಳಗೆ ಹೋದ.

ಮೂರೂವರೆಗೆ ಹಿಂದೆ ಕರೆದೊಯ್ಯುವ ಹೊತ್ತಾಯಿತು. ಪಾಪ್ಪಿ ದೋಣಿ ತಂದ. ಪೆಣ್ಣಮ್ಮ ಅಪ್ಪನ ಪಕ್ಕ ಬಗ್ಗಿ, ಅಂಗಿಯ ಗುಂಡಿ ಸರಿಮಾಡಿ, ಮಂಗಳವಾರ ಬರ್ತೀನಿ ಅಪ್ಪಚ್ಚ ಅಂತ ಕಿವಿಯಲ್ಲಿ ಹೇಳಿದಳು. ಆಮೇಲೆ ತಮ್ಮನಿಗೂ ತಂಗಿಗೂ ತಾನು ಬರುವುದಿಲ್ಲ ಅಂದಳು. ಈ ಸಲ ಯಾರೂ ಎದುರಾಡಲಿಲ್ಲ. ದೋಣಿ ಹೊರಟಾಗ ಅವಳು ಕಟ್ಟೆಯ ಮೇಲೆ ನಿಲ್ಲಲೂ ಇಲ್ಲ. ಒಳಗೆ ಹೋದಳು. ಮೇಜಿನ ತುಂಬ ಎಂಜಲು ತಟ್ಟೆ, ಒಲೆಯ ಬಳಿ ಜಿಡ್ಡು ಹಿಡಿದ ಬಾಣಲೆಗಳು. ಅವುಗಳನ್ನೆಲ್ಲ ನೋಡಿದಳು. ಅಪ್ಪ ಮಲಗಿ ಎದ್ದ ಮಂಚದ ಮೇಲೆಯೇ ಉರುಳಿಕೊಂಡಳು. ಯಾರು ಬಂದರು, ಯಾರು ಪಾತ್ರೆ ತೊಳೆದರು, ಕರೋಲ್ ಹಾಡುವವರು ಬಾಗಿಲಿಗೆ ಬಂದು ಎಷ್ಟು ಹೊತ್ತು ಡೋಲು ಬಡಿದರು, ಒಂದೂ ಅವಳಿಗೆ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಮರುದಿನದ ಬಿಸಿಲು ಹಲಗೆಯ ಗೋಡೆಯ ಅರ್ಧಕ್ಕೆ ಬಂದಿತ್ತು.

ಅಷ್ಟರಲ್ಲಿ ಸೆಲಿನ್ ಏಳು ಗಂಟೆಯ ಬೋಟು ಹಿಡಿದು ಶಾಂತಿತೀರಂಗೆ ಹೋಗಿಯಾಗಿತ್ತು. ಸಂಜೆ ಬಂದು, ಅಪ್ಪಚ್ಚ ಬೆಳಿಗ್ಗೆ ಪೂರ್ತಿ ತನಗೆ ಹೋಯ್ ಅಂದರು, ಮಧ್ಯಾಹ್ನದ ಗಂಜಿಗೆ ಮಾತ್ರ ಬಾಯಿ ತೆರೆದರು ಅಂತ ಹೇಳಿದಳು. ಉಳಿದ ರಜೆ ಹನ್ನೊಂದು ದಿನ. ಒಂದು ದಿನವೂ ತಪ್ಪಿಸಲಿಲ್ಲ. ಬಂಧುಗಳ ಮನೆಗಳಿಂದ ಕರೆ ಬಂದರೆ, ಬಿಡುವಿಲ್ಲ ಅಂತ ಪೆಣ್ಣಮ್ಮನಿಂದಲೇ ಹೇಳಿಸಿದಳು. ಆರನೆಯ ದಿನವೋ ಏಳನೆಯ ದಿನವೋ ಅವನು ಪಂಚೆ ಹಿಡಿದ ಕೈಯನ್ನು ತಾನಾಗಿಯೇ ಸಡಿಲಿಸಿದನಂತೆ. ಹಿಂದೆ ಹೊರಡುವ ಮೊದಲು ಸೆಲಿನ್ ಅಕ್ಕನ ಜೊತೆ ಕೂತು ಬೆಳ್ಳುಳ್ಳಿ ಬಿಡಿಸುತ್ತ, ಮಠದಲ್ಲಿ ಊರಿನ ಹತ್ತಿರಕ್ಕೆ ವರ್ಗ ಕೇಳಲೇ ಅಂತ ಕೇಳಿದಳು. ಪೆಣ್ಣಮ್ಮ ಇನ್ನೊಂದು ಬೆಳ್ಳುಳ್ಳಿ ಗಡ್ಡೆಯನ್ನು ಅವಳ ಕಡೆ ಸರಿಸಿದಳು. ಸೆಲಿನ್ ಕೇಳಿದಳಂತೆ, ಸಿಗಲಿಲ್ಲ.

ಔಸೇಪ್ ತಿಂಗಳಿಗೊಂದು ಭಾನುವಾರ ತನ್ನದು ಅಂದ. ಜನವರಿಯಲ್ಲಿ ಬಂದ, ಫೆಬ್ರವರಿಯಲ್ಲಿ ಬಂದ. ಮಾರ್ಚಿನಲ್ಲಿ ಅಂಗಡಿಯ ಕೆಲಸ ಅಂತ ಫೋನು ಮಾಡಿದ. ಪೆಣ್ಣಮ್ಮ ಸರಿ ಅಂದಳು, ಆದರೆ ಅವನ ಬದಲು ತಾನು ಹೋಗಲಿಲ್ಲ. ಆ ಭಾನುವಾರ ವರ್ಕಿಯ ಬಳಿಗೆ ಯಾರೂ ಹೋಗಲಿಲ್ಲ. ಇದು ತಿಳಿದಮೇಲೆ ಏಪ್ರಿಲ್‌ನಲ್ಲಿ ಔಸೇಪ್ ಎರಡು ಸಲ ಬಂದ.

ವರ್ಕಿ ಇನ್ನೊಂದು ಕ್ರಿಸ್ಮಸ್ ಕಂಡ. ಆ ವರ್ಷ ಪೆಣ್ಣಮ್ಮ ಹತ್ತು ಮನೆಗಳಿಗೆ ಮಾತ್ರ ಮಾಡಿಕೊಟ್ಟು, ಉಳಿದವರಿಗೆ ಆಗುವುದಿಲ್ಲ ಅಂದಳು. ಹಬ್ಬದ ಊಟ ಶಾಂತಿತೀರಂನ ಉದ್ದನೆಯ ಕೋಣೆಯಲ್ಲಿ, ಇತರ ಮುದುಕರ ಮುದುಕಿಯರ ನಡುವೆ, ಸ್ಟೀಲಿನ ತಟ್ಟೆಗಳಲ್ಲಿ ಆಯಿತು. ಜಾನ್ಸಿ ಮನೆಯಿಂದ ಸ್ಟ್ಯೂ ಮಾಡಿ ತಂದಿದ್ದಳು, ತುಸು ನೀರಾಗಿತ್ತು. ಔಸೇಪ್ ಅಪ್ಪನ ಎದುರು ಕೂತು ಗಂಜಿ ಕುಡಿಸಿದ. ಅವಸರಪಟ್ಟು ಸಿಸ್ಟರ್ ಫಿದೇಲಿಸ್‌ರಿಂದ ಬೈಸಿಕೊಂಡ. ವರ್ಕಿ ಆರು ಚಮಚ ಕುಡಿದು, ಏಳನೆಯದಕ್ಕೆ ಹೋಯ್ ಅಂದು, ಕೂತಲ್ಲೇ ನಿದ್ದೆ ಹೋದ. ತಟ್ಟೆಗಳನ್ನು ಅವರವರೇ ತೊಳೆದಿಟ್ಟರು. ನಾಲ್ಕರ ಬೋಟಿನಲ್ಲಿ ಹಬ್ಬದ ಜನ ತುಂಬಿದ್ದರೂ ಪೆಣ್ಣಮ್ಮನಿಗೆ ಕಿಟಕಿಯ ಬಳಿ ಜಾಗ ಸಿಕ್ಕಿತು. ಇಳಿಯುವಲ್ಲಿ ಎಬ್ಬಿಸಲು ಕಂಡಕ್ಟರನಿಗೆ ಮೊದಲೇ ಹೇಳಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು.